ಭಾನುವಾರ ಕಟ್ಟೆ ಮೇಲೆ: ಹೆಸ್ಪೆರಿಡಿನ್ ಮಾತ್ರೆ ವಿಚಾರ

ಎಲ್ಲರಿಗೂ ನಮಸ್ಕಾರ. ಕಿತ್ತಳೆ ಸಿಪ್ಪೆಯಲ್ಲಿರುವ ಹೆಸ್ಪೆರಿಡಿನ್ ಅನ್ನೋ ವಸ್ತು ಕಣ್ಣು, ಕಿಡ್ನಿ ಸೇರಿ ಎಲ್ಲ ಕಡೆಯ ರಕ್ತನಾಳಗಳಿಗೂ ಒಳ್ಳೆಯದು ಅನ್ನೋ ಫಾರ್ವರ್ಡ್ ಜಾಸ್ತಿ ಆಗಿವೆ, ಅಲ್ವಾ? ಭಾನುವಾರ ವಾಕಿಂಗ್ ಮುಗಿಸಿ 7.30ಕ್ಕೆ ಪಾರ್ಕಿನ ಕಟ್ಟೆ ಮೇಲೆ ಕೂತು ಮಾತಾಡೋಣ.

ವಿಷಯ ಹಳೆಯದು. ಇಂಥ ವಸ್ತುಗಳು ಸಣ್ಣ ರಕ್ತನಾಳಗಳ ಸೋರಿಕೆ ತಡೆಯುತ್ತವೆ ಎಂದು 1936ರಲ್ಲಿ ಹಂಗೇರಿಯ ವಿಜ್ಞಾನಿ ಸೆಂಟ್-ಗ್ಯೋರ್ಗಿ ಅವರ ತಂಡ ‘ವಿಟಮಿನ್ ಪಿ’ ಅಂತ ಹೆಸರಿಟ್ಟಿತ್ತು. ಅದು ವಿಟಮಿನ್ ಅಲ್ಲ ಎಂದಾಗಿ ಆ ಹೆಸರು ಬಿದ್ದುಹೋಯಿತು. ಹೆಸ್ಪೆರಿಡಿನ್ ಅನ್ನು ಡಯೋಸ್ಮಿನ್ (ಇದೇ ಬಗೆಯ ಇನ್ನೊಂದು ವಸ್ತು) ಜೊತೆ ಸೇರಿಸಿದ ಮಾತ್ರೆಯಿಂದ ಮೂಲವ್ಯಾಧಿಯ ರಕ್ತಸ್ರಾವ, ಕಾಲಿನ ಬಾವು ಸ್ವಲ್ಪ ಕಡಿಮೆಯಾದದ್ದು ಪ್ರಯೋಗಗಳಲ್ಲಿ ಕಂಡಿದೆ. ಕಣ್ಣು, ಕಿಡ್ನಿಯ ನಾಳಗಳ ವಿಷಯದಲ್ಲಿ ಅಷ್ಟು ಗಟ್ಟಿ ಪುರಾವೆ ಇಲ್ಲ.

ಮಾತ್ರೆ ತಗೊಳ್ಳುತ್ತಿರುವವರು ಸ್ಟ್ರಿಪ್ ತನ್ನಿ. ರಕ್ತ ತೆಳು ಮಾಡುವ ಔಷಧಿ ಇದ್ದವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಸುಮ್ನೆ ಸಿಪ್ಪೆ ಜಗಿಯೋದೂ ಬೇಡ. ಒಳಗಿನ ಬಿಳಿ ಪದರ ನಾನು ತಿಂದು ನೋಡಿದೆ, ಬರೀ ಕಹಿ! ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.