ದೊಡ್ಡಮ್ಮನ ವಾಲ್ವ್ ರೇಡಿಯೊಗೆ ಜೀವ ಕೊಟ್ಟವರಿಗೆ

ಕಲ್ಯಾಣಪುರದ ದೊಡ್ಡಮ್ಮನ ಮನೆಯ ವಾಲ್ವ್ ರೇಡಿಯೊ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವುಗಳಿರುವ ಹಳೇ ಸೆಟ್) ಈಗ ಮಂಗಳೂರು ಆಕಾಶವಾಣಿಯನ್ನು ಸ್ವಚ್ಛವಾಗಿ ಹಿಡಿಯುತ್ತಿದೆ. ಅದಕ್ಕಾಗಿ ದುಡಿದವರಿಗೆ ನಾಲ್ಕು ಜನರ ಎದುರೇ ಧನ್ಯವಾದ ಹೇಳಬೇಕು ಅನ್ನಿಸಿತು.

ಹಿಂಬದಿಯ ರಟ್ಟು ಗೆದ್ದಲ ಪಾಲಾಗಿ, ಅದರ ಜೊತೆ ಮಾಡೆಲ್ ನಂಬರೂ ಹೋಗಿತ್ತು. ನಂಬರಿಲ್ಲದೆ ಸರ್ಕ್ಯೂಟ್ ನಕ್ಷೆ ಹುಡುಕುವುದಾದರೂ ಹೇಗೆ? ಉಡುಪಿಯ ನಿವೃತ್ತ ಐಟಿಐ ಮಾಷ್ಟ್ರು, "ವಾಲ್ವ್ ಉಂಟಲ್ಲ ಮಾರಾಯ, ಅದರ ಕಾಲು ಹಿಡಿದುಕೊಂಡು ಹೋಗು" ಅಂದರು. ಸ್ಪೀಕರನ್ನು ನಡೆಸುವ ಇಎಲ್ 84 ವಾಲ್ವಿನಲ್ಲಿ 2ನೇ ಪಿನ್ ಗ್ರಿಡ್ (ಸಿಗ್ನಲ್ ಒಳಬರುವ ಕಾಲು), 3 ಕ್ಯಾಥೋಡ್ (ಎಲೆಕ್ಟ್ರಾನ್ ಹೊರಡುವ ಕಡೆ), 7 ಪ್ಲೇಟ್ (ಸಿಗ್ನಲ್ ಹೊರಹೋಗುವ ಕಾಲು). 4 ಮತ್ತು 5 ವಾಲ್ವನ್ನು ಕಾಯಿಸುವ ಹೀಟರ್, 6.3 ವೋಲ್ಟ್. ಅಲ್ಲಿಂದ ಶುರುಮಾಡಿ ಒಂದೊಂದೇ ತಂತಿಯ ಜಾಡು ಹಿಡಿದು ಇಡೀ ಸೆಟ್ಟನ್ನು ಪೆನ್ಸಿಲಿನಲ್ಲಿ ಬರೆದೆವು. ಅದು ಮುಗಿಯುವವರೆಗೆ ಅವರು ಕರೆಂಟು ಕೊಡಲು ಬಿಡಲಿಲ್ಲ. ಆಮೇಲೂ, ಒಳಗೆ ಶಾರ್ಟ್ ಇದ್ದರೆ ಸೆಟ್ ಸುಡದಿರಲಿ ಎಂದು, 60 ವಾಟಿನ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿಯೇ ಕೊಟ್ಟದ್ದು.

ಆ ತಾಳ್ಮೆಯೇ ಸೆಟ್ಟನ್ನು ಉಳಿಸಿತು. ಇಎಲ್ 84ರ ಗ್ರಿಡ್‌ನಲ್ಲಿ ಇರಬಾರದ ಪಾಸಿಟಿವ್ ವೋಲ್ಟೇಜನ್ನು ಮೀಟರು ತೋರಿಸಿತು. ಹಿಂದಿನ ವಾಲ್ವಿನ ಪ್ಲೇಟಿನಿಂದ ಸಿಗ್ನಲ್ ಮಾತ್ರ ಬಿಟ್ಟು ಡಿಸಿ ವೋಲ್ಟೇಜ್ ತಡೆಯಬೇಕಾದ ಕಪ್ಲಿಂಗ್ ಕಂಡೆನ್ಸರ್ ಲೀಕ್ ಆಗಿತ್ತು. ಮೇಣ ಸುರಿದ ಕಾಗದದ ಕಂಡೆನ್ಸರು, ನಮ್ಮ ಕರಾವಳಿಯ ಮಳೆಗಾಲದ ತೇವ ಕುಡಿದು ಕುಡಿದು ಹಾಳಾಗಿತ್ತು. ಹಾಗೇ ಹಚ್ಚಿಟ್ಟಿದ್ದರೆ ವಾಲ್ವ್ ಕೆಂಪಗೆ ಕಾದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೇ ಹೋಗುತ್ತಿತ್ತು. ಹೊಸ ಟ್ರಾನ್ಸ್‌ಫಾರ್ಮರ್ ಈಗ ಎಲ್ಲಿ ಸಿಗುತ್ತದೆ ಹೇಳಿ!

ಹಂಪನಕಟ್ಟೆ ಹತ್ತಿರದ ಗುಜರಿ ಅಂಗಡಿಯ ಅಣ್ಣನಿಗೂ ದೊಡ್ಡ ಧನ್ಯವಾದ. ಹಳೇ ವಾಲ್ವುಗಳನ್ನು ಒಡೆಯದೆ, ಕಾಗದ ಸುತ್ತಿ ಬಿಸ್ಕತ್ತಿನ ಡಬ್ಬಿಯಲ್ಲಿ ಕಾದಿಟ್ಟಿದ್ದರು. ನಮಗೆ ಬೇಕಾದ ಇಸಿಎಚ್ 81 (ಸ್ಟೇಷನ್ನಿನ ಫ್ರೀಕ್ವೆನ್ಸಿ ಬದಲಿಸುವ ವಾಲ್ವ್) ಸಿಕ್ಕಿದ್ದು ಅಲ್ಲೇ.

ಬೇಕಾದ ಫ್ರೀಕ್ವೆನ್ಸಿಯ ಸಿಗ್ನಲ್ ಕೊಡುವ ಸಿಗ್ನಲ್ ಜನರೇಟರ್ ನಮ್ಮಲ್ಲಿರಲಿಲ್ಲ. ಡಯಲ್ ಹೊಂದಿಸಲು ಮಾಷ್ಟ್ರು ಆಕಾಶವಾಣಿಯನ್ನೇ ಅಳತೆಗೋಲು ಮಾಡಿಕೊಂಡರು: ಭದ್ರಾವತಿಯ 675 ಕಿಲೋಹರ್ಟ್ಸ್‌ಗೆ ಕಾಯಿಲ್ ತಿರುಗಿಸಿ, ಮಂಗಳೂರಿನ 1089ಕ್ಕೆ ಟ್ರಿಮ್ಮರ್ (ಹೊಂದಿಸುವ ಸಣ್ಣ ಕಂಡೆನ್ಸರ್) ತಿರುಗಿಸಿ. ಒಂದನ್ನು ಸರಿಮಾಡಿದರೆ ಇನ್ನೊಂದು ಜರುಗುತ್ತದೆ. ಮುಳ್ಳು ಎರಡೂ ಕಡೆ ಸರಿಯಾಗಿ ನಿಲ್ಲುವವರೆಗೆ ಅವರು ಊಟಕ್ಕೂ ಏಳಲಿಲ್ಲ. ದೊಡ್ಡಮ್ಮ ಗಂಜಿ, ಚಟ್ನಿಯನ್ನು ಮೇಜಿಗೇ ತಂದುಕೊಟ್ಟರು. ಸೆಟ್ಟನ್ನು ಗುಜರಿಗೆ ಹಾಕಿ ಅಂದವರ ಮಾತಿಗೆ ಇಷ್ಟು ವರ್ಷ ಸೊಪ್ಪು ಹಾಕದ ಅವರಿಗೆ ನನ್ನ ನಮಸ್ಕಾರ.

ಪೆನ್ಸಿಲಿನ ನಕ್ಷೆಯನ್ನು ಶಾಯಿಯಲ್ಲಿ ತಿದ್ದಿ ಬರೆದಾಗಿದೆ. ಮಾಷ್ಟ್ರ ಆಸೆಯಂತೆ ಒಂದು ಪ್ರತಿ ಸೆಟ್ಟಿನ ಒಳಗೇ ಅಂಟಿಸಿದ್ದೇವೆ. ಇಂಥ ಸೆಟ್ ಇದ್ದವರು ಕೇಳಿ, ಜೆರಾಕ್ಸ್ ಕೊಡುತ್ತೇನೆ.