ಕೃಷಿಗೆ ವಿನಾಯಿತಿ ಇದೆಯಂತೆ, ಆದರೂ ಕೇಳಿಬಿಡು

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ನಿಮ್ಮೂರು ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಪಟ್ಟಿಯಲ್ಲಿದೆ, ಆದರೆ ತೋಟ-ಗದ್ದೆಗೆ ಏನೂ ತೊಂದರೆ ಇಲ್ಲ ಅಂತ ಎಲ್ಲರೂ ಹೇಳುತ್ತಿದ್ದಾರೆ, ನಂಬಬಹುದಾ ಅಂತ ಕೇಳಿದ್ದೀಯ. ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ, ಓದಿ ನೀನೇ ಯೋಚನೆ ಮಾಡು.

ಅಮೆರಿಕದ ಕೇಂದ್ರ ಸರ್ಕಾರದ ಶುದ್ಧ ನೀರು ಕಾಯ್ದೆ ಬಂದದ್ದು 1972ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು ಓಹಾಯೋ ರಾಜ್ಯದ ಕಯಹೋಗಾ ನದಿಯಲ್ಲಿ ತೇಲುತ್ತಿದ್ದ ಎಣ್ಣೆ, ಕಸಕ್ಕೆ ಬೆಂಕಿ ಹತ್ತಿಕೊಂಡಿತ್ತು. ನದಿಯೇ ಉರಿಯುವಷ್ಟು ಕೆಡಿಸಿಟ್ಟಿದ್ದರು. ಒಂದು ರಾಜ್ಯದ ಕೊಳಕು ಇನ್ನೊಂದು ರಾಜ್ಯಕ್ಕೆ ಹರಿದು ಹೋಗುತ್ತೆ, ಅಲ್ವಾ? ಹಾಗಾಗಿ ಕೇಂದ್ರದ ಕಾಯ್ದೆ ಬೇಕೇ ಬೇಕಿತ್ತು. ಅದರಲ್ಲಿ ನನ್ನ ತಕರಾರಿಲ್ಲ. ಅದು ಎಲ್ಲಿಯವರೆಗೆ ಕೈ ಚಾಚಬಹುದು ಅನ್ನುವುದೇ ನನ್ನ ಚಿಂತೆ. ಹಡಗು ಓಡಾಡುವ ನೀರು ಅಂತ ಶುರುವಾಗಿ, ಅದರ ಅರ್ಥ ‘ಅಮೆರಿಕದ ನೀರು’ ಅಂತ ಕಾಯ್ದೆ ಹೇಳಿತು. ಆ ನೀರು ಯಾವುದು ಅಂತ ಬಿಡಿಸಿ ಹೇಳಲಿಲ್ಲ. ನದಿ ಆಯಿತು, ಹಳ್ಳ ಆಯಿತು, ಜೌಗು ಆಯಿತು, ಕೊನೆಗೆ ವರ್ಷದಲ್ಲಿ ಕೆಲವೇ ವಾರ ನೀರು ನಿಲ್ಲುವ ಹೊಂಡಗಳೂ ಅದರೊಳಗೆ ಬಂದವು.

ಇಂಥ ನೀರಿಗೆ ಮಣ್ಣು ಬೀಳುವ ಕೆಲಸಕ್ಕೆ ಪರವಾನಗಿ ಬೇಕು. ರೈತರಿಗೆ ಮಾತ್ರ ವಿನಾಯಿತಿ ಇತ್ತು. ಉಳುಮೆ, ಬಿತ್ತನೆ, ಕೊಯ್ಲಿಗೆ ಪರವಾನಗಿ ಬೇಡ ಅಂತ ಕಾಯ್ದೆಯಲ್ಲೇ ಬರೆದಿದೆ.

ಇಲ್ಲಿನ ಟೆಹಾಮಾ ಕೌಂಟಿಯಲ್ಲಿ ಜಾನ್ ಡುವಾರ್ಟೆ ಅವರ ನರ್ಸರಿ ಕಂಪನಿ 450 ಎಕರೆ ಜಮೀನು ಕೊಂಡು, 2012ರ ಕೊನೆಗೆ ಉತ್ತು ಗೋಧಿ ಬಿತ್ತಿತು. ಮೊದಲು ಗೋಧಿ ಬೆಳೆದಿದ್ದ ಜಮೀನೇ ಅದು. ಮುಂದಿನ ವರ್ಷ, ಈ ಪರವಾನಗಿ ಕೊಡುವ ಸೇನೆಯ ಎಂಜಿನಿಯರ್ ದಳದಿಂದ ಕೆಲಸ ನಿಲ್ಲಿಸಿ ಅಂತ ನೋಟಿಸ್ ಬಂತು. ಹೊಂಡಗಳ ಮೇಲೆ ನೇಗಿಲು ಹಾಯಿಸಿದ್ದೀರಿ ಅನ್ನುವುದು ಆರೋಪ. ಉಳುಮೆಗೆ ವಿನಾಯಿತಿ ಇದೆಯಲ್ಲ ಅಂತ ಇವರು ವಾದಿಸಿದರು. ನೆಲ ಬಹಳ ವರ್ಷ ಬೀಳು ಬಿದ್ದಿತ್ತು, ಆದ್ದರಿಂದ ಈ ಉಳುಮೆಗೆ ವಿನಾಯಿತಿ ಸಿಗಲ್ಲ ಅಂತ 2016ರಲ್ಲಿ ಕೋರ್ಟ್ ಹೇಳಿತು. 2017ರಲ್ಲಿ 11 ಲಕ್ಷ ಡಾಲರಿಗೆ ರಾಜಿ ಆಯಿತು.

ಆ ಹೊಂಡಗಳು ಸುಮ್ನೆ ಕೆಸರುಗುಂಡಿ ಅಂತ ತಿಳಿಯಬೇಡ. ಅಂಥವನ್ನು ನಾನು ಹತ್ತಿರ ನಿಂತು ನೋಡಿದ್ದೇನೆ. ಚಳಿಗಾಲದ ಮಳೆ ನೀರು ಗಟ್ಟಿ ಜೇಡಿಮಣ್ಣಿನ ಮೇಲೆ ಇಂಗದೆ ನಿಲ್ಲುತ್ತೆ. ವಸಂತದಲ್ಲಿ ನೀರು ಇಳಿಯುತ್ತಾ ಬಂದಂತೆ ಅಂಚಿನ ಸುತ್ತ ಹಳದಿ, ಬಿಳಿ ಹೂವು ಸುತ್ತುಸುತ್ತಾಗಿ ಅರಳುತ್ತವೆ. ಬೇಸಿಗೆಗೆ ನೆಲ ಒಣಗಿ ಬಿರುಕು ಬಿಡುತ್ತೆ. ಆ ಒಣ ಮಣ್ಣಿನಲ್ಲೇ ಉಗುರುದ್ದದ ಸಿಗಡಿಯ ಮೊಟ್ಟೆಗಳು ಮುಂದಿನ ಮಳೆಗೆ ವರ್ಷಗಟ್ಟಲೆ ಕಾದು ಕೂತಿರುತ್ತವೆ. ಇವು ಉಳಿಯಬೇಕು ಅಂತ ನನಗೂ ಮನಸಾರೆ ಇದೆ. ಆದರೆ ಉಳುವವನಿಗೆ ಗೆರೆ ಮೊದಲೇ ಕಾಣಬೇಕು. ಉತ್ತ ಮೇಲೆ ಗೆರೆ ಎಳೆದರೆ ಅದು ಅನ್ಯಾಯ.

ಐಡಹೊ ರಾಜ್ಯದ ಸ್ಯಾಕೆಟ್ ದಂಪತಿಯದ್ದೂ ಹೀಗೇ. ಮನೆ ಕಟ್ಟಲು ಸೈಟಿಗೆ ಮಣ್ಣು, ಜಲ್ಲಿ ತುಂಬಿಸಿದ್ದಕ್ಕೆ, ಅದು ಜೌಗು ನೆಲ ಅಂತ ಕೇಂದ್ರದ ಪರಿಸರ ಸಂಸ್ಥೆಯಿಂದ 2007ರಲ್ಲಿ ಆದೇಶ ಬಂತು. ಮೊದಲಿದ್ದ ಹಾಗೆ ಮಾಡಿ, ಇಲ್ಲದಿದ್ದರೆ ದಿನಕ್ಕೆ ಸಾವಿರಾರು ಡಾಲರ್ ದಂಡ ಅಂತ. ಆ ಆದೇಶದ ವಿರುದ್ಧ ಕೋರ್ಟಿಗೆ ಹೋಗಬಹುದು ಅನ್ನಿಸಿಕೊಳ್ಳುವುದಕ್ಕೇ 2012ರವರೆಗೆ ಕಾಯಬೇಕಾಯಿತು. ಕೇಸು ಗೆದ್ದದ್ದು 2023ರಲ್ಲಿ. ನದಿ, ಕೆರೆಗೆ ಮೇಲ್ಮೈಯಲ್ಲೇ ಕೂಡಿಕೊಂಡಿರುವ ಜೌಗಿಗೆ ಮಾತ್ರ ಕೇಂದ್ರದ ಕಾಯ್ದೆ ಅಂತ ಸುಪ್ರೀಂ ಕೋರ್ಟ್ ಹೇಳಿತು. ಈ ನಡುವೆ ಯಾವ ನೀರು ಕಾಯ್ದೆಗೆ ಸೇರುತ್ತೆ ಅಂತ 2015ರಲ್ಲಿ ಒಂದು ನಿಯಮ, 2020ರಲ್ಲಿ ಇನ್ನೊಂದು, 2023ರಲ್ಲಿ ಮತ್ತೊಂದು. ಸರ್ಕಾರ ಬದಲಾದಾಗಲೆಲ್ಲ ಅದೇ ಹೊಂಡ ಕಾಯ್ದೆಯ ಒಳಗೆ, ಹೊರಗೆ.

ಈಗ ನಿಮ್ಮೂರಿನ ವಿಷಯ. ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶ ಗುರುತಿಸಲು ಕೇಂದ್ರ ನೇಮಿಸಿದ್ದ ಕಸ್ತೂರಿರಂಗನ್ ಸಮಿತಿ ಉಪಗ್ರಹ ಚಿತ್ರ ನೋಡಿ ಇಡೀ ಹಳ್ಳಿಯನ್ನೇ ಲೆಕ್ಕಕ್ಕೆ ತೆಗೆದುಕೊಂಡಿತು. ಹಳ್ಳಿಯ ಶೇ 20ರಷ್ಟು ಜಾಗ ಸೂಕ್ಷ್ಮ ಅಂತ ಕಂಡರೂ ಸಾಕು, ಪೂರ್ತಿ ಹಳ್ಳಿ ಪಟ್ಟಿಗೆ ಸೇರುತ್ತೆ. ಕರ್ನಾಟಕದಲ್ಲಿ ಹೀಗೆ 20,668 ಚದರ ಕಿಲೋಮೀಟರ್. 2014ರಿಂದ ಕರಡು ಅಧಿಸೂಚನೆ ಮತ್ತೆ ಮತ್ತೆ ಬರುತ್ತಲೇ ಇದೆ. 2024ರಲ್ಲಿ ರಾಜ್ಯ ಸಂಪುಟ ಬೇಡ ಅಂದಿತು, ನಿಜ. ಆದರೆ ಅಂತಿಮ ಅಧಿಸೂಚನೆ ಹೊರಡಿಸುವ ಅಧಿಕಾರ ದೆಹಲಿಯದ್ದು. ಗಣಿ, ಕ್ವಾರಿ, ಮರಳು ತೆಗೆಯುವುದನ್ನು ನಿಲ್ಲಿಸುತ್ತೇವೆ ಅಂದರೆ ನಾನು ಎರಡೂ ಕೈ ಎತ್ತಿ ಒಪ್ಪುತ್ತೇನೆ. ತುಂಗೆ, ಭದ್ರೆ ಹುಟ್ಟುವ ಬೆಟ್ಟ ಅದು. ನಮ್ಮ ಪಾಲಿಗೆ ಅದಕ್ಕಿಂತ ದೊಡ್ಡದಿಲ್ಲ.

ಕೃಷಿಗೆ ಅಡ್ಡಿಯಿಲ್ಲ ಅನ್ನುವುದೂ ಸುಳ್ಳಲ್ಲ. ಆದರೆ ಹಳದಿ ಎಲೆ ರೋಗಕ್ಕೆ ಅಡಿಕೆ ತೋಟ ಹೋಗಿ, ಹತ್ತಾರು ವರ್ಷ ಹಾಳು ಬಿದ್ದು, ಕಾಡು ಬೆಳೆದುಕೊಂಡಿದೆ ಅಂದುಕೋ. ಮಗ ಊರಿಗೆ ವಾಪಸ್ ಬಂದು ಬಸಿಗಾಲುವೆ ಬಿಡಿಸಿ ಹೊಸ ಸಸಿ ನೆಡುತ್ತಾನೆ. ಅದು ಕೃಷಿಯಾ, ಕಾಡು ಕಡಿದದ್ದಾ? ತೀರ್ಮಾನ ಮಾಡುವವರು ಯಾರು? ಪಂಚಾಯಿತಿಯಾ, ಜಿಲ್ಲೆಯ ಅಧಿಕಾರಿಯಾ, ದೆಹಲಿಯ ಸಮಿತಿಯಾ? ತೀರ್ಮಾನ ತಪ್ಪಾದರೆ ಎಲ್ಲಿ ಕೇಳಬೇಕು, ಎಷ್ಟು ದಿನದಲ್ಲಿ ಉತ್ತರ ಬರುತ್ತೆ?

ಮುಂದಿನ ಕರಡು ಬಂದರೆ ಆಕ್ಷೇಪಣೆಗೆ 60 ದಿನ ಸಿಗುತ್ತೆ. ಬರೀ ‘ವಿರೋಧವಿದೆ’ ಅಂತ ಬರೆದು ಕಳಿಸಬೇಡ. ಗೆರೆಯನ್ನು ಸರ್ವೆ ನಂಬರ್ ಪ್ರಕಾರ ತೋರಿಸಿ, ನಕ್ಷೆಯನ್ನು ಕನ್ನಡದಲ್ಲಿ ಪಂಚಾಯಿತಿಯಲ್ಲಿಡಿ ಅಂತ ಕೇಳು. ಹಾಳುಬಿದ್ದ ತೋಟದ ಪ್ರಶ್ನೆಯನ್ನು ಬಿಡದೆ ಬರೆ. ನಿಮ್ಮ ಪಹಣಿಯ ಫೋಟೊ ಕಳಿಸು, ಕೂತು ಕರಡು ನಾನೇ ಬರೆದುಕೊಡುತ್ತೇನೆ. ಊರಿನ ಉಳಿದವರ ಸಹಿಯನ್ನೂ ಹಾಕಿಸು.

ನಿನ್ನ ಗೆಳೆಯ