ಗಾಯೋಲಾ ಮತ್ತು ನಮ್ಮೂರಿನ ‘ಆಗಿಬರದ’ ಮನೆ

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇಟಲಿಯ ಗಾಯೋಲಾ ದ್ವೀಪದ ಶಾಪದ ಬಗ್ಗೆ ಬಂದ ಬರಹ ಓದಿದೆ. ನೇಪಲ್ಸ್ ನಗರದ ಪೊಸಿಲಿಪೊ ದಂಡೆಯಿಂದ ಈಜಿ ಮುಟ್ಟುವಷ್ಟು ಹತ್ತಿರ ಎರಡು ಬಂಡೆಗಳು, ನಡುವೆ ಕಿರುಸೇತುವೆ, ಮೇಲೊಂದು ಪಾಳು ಬಂಗಲೆ. ಕೊಂಡವರೆಲ್ಲ ಹಾಳಾದರಂತೆ. ಒಂದರ ಹಿಂದೊಂದು ಸಾವು ಎಣಿಸುತ್ತ ಸಾಗುವ ಆ ಬರಹ ನನ್ನ ನಿದ್ದೆ ಕೆಡಿಸಿತು. ಕಾರಣ ನನ್ನ ಮನೆಯದೇ.

ನಾನು ಹತ್ತನೇ ತರಗತಿಯಲ್ಲಿದ್ದಾಗ ನಮ್ಮ ತಂದೆ ತೀರಿಕೊಂಡರು. ಮಾರನೇ ವರ್ಷ ಅಣ್ಣ ಬೈಕ್ ಅಪಘಾತದಲ್ಲಿ ಹೋದ. ಅಷ್ಟಾದ ಮೇಲೆ ಊರಿನವರ ಬಾಯಲ್ಲಿ ಒಂದೇ ಮಾತು: ‘ಆ ಮನೆ ಆಗಿಬರೋದಿಲ್ಲ.’ ತಂದೆಗೆ ವರ್ಷಗಳಿಂದ ಬಿ.ಪಿ. ಇತ್ತು, ಮಾತ್ರೆಯನ್ನು ಅರ್ಧಕ್ಕೇ ಬಿಟ್ಟಿದ್ದರು. ಅಣ್ಣ ಬಿದ್ದ ತಿರುವಿನಲ್ಲಿ ದೀಪವಿರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ. ಅಕ್ಕನನ್ನು ನೋಡಲು ಬಂದ ಎರಡು ಕಡೆಯವರು ಮನೆಯ ಸುದ್ದಿ ಕಿವಿಗೆ ಬಿದ್ದ ಮೇಲೆ ತಿರುಗಿ ಬರಲಿಲ್ಲ. ಹಟ ಹಿಡಿದು ಆ ಮನೆ ಕೊಳ್ಳಿಸಿದವಳು ಅಮ್ಮ. ‘ನಾನೇ ಇಬ್ಬರನ್ನೂ ತಿಂದೆ’ ಎಂದು ಸಾಯುವವರೆಗೂ ಹೇಳುತ್ತಿದ್ದಳು. ಕೊನೆಗೆ ಮನೆಯನ್ನು ಸಿಕ್ಕಷ್ಟಕ್ಕೆ ಕೊಟ್ಟೆವು. ಕೊಂಡವರು ಇಪ್ಪತ್ತಾರು ವರ್ಷದಿಂದ ಅಲ್ಲೇ ಇದ್ದಾರೆ, ಮಕ್ಕಳ ಮದುವೆ ಅದೇ ಅಂಗಳದಲ್ಲಿ ಮಾಡಿದರು. ಮನೆ ಆಗಿಬಂತು ಎಂದು ಒಬ್ಬರಾದರೂ ಹೇಳಿದ್ದನ್ನು ನಾನು ಕೇಳಿಲ್ಲ.

ಗಾಯೋಲಾದ ಪಟ್ಟಿಯನ್ನೂ ಹೀಗೇ ಕಟ್ಟಿದ್ದಾರೆ. ದ್ವೀಪದ ಒಡೆಯರೆಂದು ಹೆಸರಿಸುವವರಲ್ಲಿ ಅಮೆರಿಕದ ತೈಲ ಕುಬೇರ ಪಾಲ್ ಗೆಟ್ಟಿ ತೀರಿಕೊಂಡಾಗ ಅವರಿಗೆ 83 ವರ್ಷ. ಫಿಯಟ್ ಕಂಪನಿಯ ಜಿಯಾನಿ ಆನ್ಯೆಲಿ 81ರವರೆಗೆ ಬದುಕಿದರು. ಒಡೆಯರು ತುಂಬು ಆಯಸ್ಸು ಕಂಡದ್ದರಿಂದ ಶಾಪ ಅವರ ಮಗ, ಮೊಮ್ಮಗ, ತಮ್ಮನ ಮಗನವರೆಗೆ ಹಬ್ಬಬೇಕಾಯಿತು. ಆನ್ಯೆಲಿಯವರ ತಮ್ಮನ ಮಗ 1997ರಲ್ಲಿ, 33ರ ವಯಸ್ಸಿಗೆ, ಕ್ಯಾನ್ಸರ್‌ನಿಂದ ಸತ್ತ. ಆನ್ಯೆಲಿಯವರ ಒಬ್ಬನೇ ಮಗ ಎಡೊಆರ್ಡೊ 2000ದಲ್ಲಿ ತೀರಿಕೊಂಡ. ಮಗನನ್ನು ಕಳೆದುಕೊಂಡ ಮನೆಯ ದುಃಖವನ್ನು ಮೈ ಜುಮ್ಮೆನ್ನಿಸಲು ಬಳಸುವುದು ನನಗೆ ಸಹಿಸಲಾಗದು.

ಗೆಟ್ಟಿಯ ಮೊಮ್ಮಗನ ಸಂಗತಿಯಂತೂ ಪೂರ್ತಿ ದಾಖಲಾಗಿದೆ. 1973ರ ಜುಲೈನಲ್ಲಿ ರೋಮ್‌ನಲ್ಲಿ 16ರ ಹುಡುಗನನ್ನು ಹಿಡಿದೊಯ್ದರು. ಒಬ್ಬನಿಗೆ ಹಣ ಕೊಟ್ಟರೆ ಉಳಿದ ಮೊಮ್ಮಕ್ಕಳನ್ನೂ ಹೊತ್ತೊಯ್ಯುತ್ತಾರೆ ಎಂದು ತಾತ ಮೊದಲು ಒಪ್ಪಲಿಲ್ಲ. ಅಪಹರಣಕಾರರು ಹುಡುಗನ ಕಿವಿ ಕತ್ತರಿಸಿ ಪತ್ರಿಕೆಯೊಂದಕ್ಕೆ ಕಳಿಸಿದರು. ಹಣ ಕೊಟ್ಟ ಮೇಲೆ ಡಿಸೆಂಬರ್‌ನಲ್ಲಿ ಅವನು ಹೊರಬಂದ. ಆ ದಶಕದಲ್ಲಿ ಇಟಲಿಯಲ್ಲಿ ಹಣಕ್ಕಾಗಿ ನೂರಾರು ಜನರನ್ನು ಹೀಗೆ ಹೊತ್ತೊಯ್ದಿದ್ದರು. ಅವರಾರೂ ದ್ವೀಪ ಕೊಂಡವರಲ್ಲ. 1991ರಲ್ಲಿ ಅಲ್ಲಿನ ಸರ್ಕಾರ ಕಾನೂನು ತಂದು, ಅಪಹೃತರ ಮನೆಯವರು ಹಣ ಕೊಡಲಾಗದಂತೆ ಅವರ ಆಸ್ತಿಯನ್ನೇ ತಡೆಹಿಡಿಯತೊಡಗಿತು. ಆ ಕ್ರಮ ಸರಿಯೋ ಕ್ರೂರವೋ ಎಂಬುದು ಬೇರೆ ಚರ್ಚೆ. ದೋಷ ಎಲ್ಲಿದೆ ಎಂದು ಹುಡುಕಿದವರು ಕೊನೆಗೆ ಏನನ್ನಾದರೂ ಮಾಡಿದರು ಎಂದು ತೋರಿಸಲು ಇದನ್ನು ಹೇಳಿದೆ.

ಇನ್ನು ಆ ಜಾಗದ ನಿಜವಾದ ಕ್ರೌರ್ಯಕ್ಕೆ ನಿಮ್ಮ ಬರಹದಲ್ಲಿ ಒಂದು ಸಾಲೂ ಇಲ್ಲ. ದ್ವೀಪದ ಎದುರಿನ ದಂಡೆಯಲ್ಲಿ ಎರಡು ಸಾವಿರ ವರ್ಷದ ಹಿಂದೆ ವೇದಿಯಸ್ ಪೋಲಿಯೊ ಎಂಬ ರೋಮನ್ ಸಿರಿವಂತ ಮಹಲು ಕಟ್ಟಿಸಿದ್ದ. ಅದರ ಹೆಸರು ಪೌಸಿಲಿಪಾನ್. ಗ್ರೀಕ್‌ನಲ್ಲಿ ‘ನೋವು ನಿಲ್ಲಿಸುವ ತಾಣ’. ಚಕ್ರವರ್ತಿ ಅಗಸ್ಟಸ್ ಅವನ ಊಟಕ್ಕೆ ಬಂದಿದ್ದಾಗ ಗುಲಾಮ ಹುಡುಗನೊಬ್ಬ ಸ್ಫಟಿಕದ ಬಟ್ಟಲು ಒಡೆದ. ಅವನನ್ನು ಹಾವುಮೀನಿನ ಕೊಳಕ್ಕೆ ಎಸೆಯಲು ಪೋಲಿಯೊ ಆಜ್ಞೆ ಮಾಡಿದ. ಹುಡುಗ ಚಕ್ರವರ್ತಿಯ ಕಾಲು ಹಿಡಿದು ಕೇಳಿದ್ದು ಜೀವದಾನವನ್ನಲ್ಲ, ಬೇರೆ ಬಗೆಯ ಸಾವನ್ನು ಎಂದು ರೋಮನ್ ತತ್ವಜ್ಞಾನಿ ಸೆನೆಕಾ ಬರೆದಿದ್ದಾನೆ. ಅಗಸ್ಟಸ್ ಅವನನ್ನು ಬಿಡಿಸಿ, ಉಳಿದ ಬಟ್ಟಲುಗಳನ್ನೆಲ್ಲ ಒಡೆಸಿ, ಕೊಳವನ್ನು ಮುಚ್ಚಿಸಿದ. ಪೋಲಿಯೊ ಸ್ವತಃ ಬಿಡುಗಡೆಯಾದ ಗುಲಾಮರ ಕುಲದವನು. ಇದನ್ನು ಓದಿದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ. ಆ ಹುಡುಗನ ಹೆಸರು ಉಳಿದಿಲ್ಲ, ಬಂಗಲೆಯ ಒಡೆಯರ ಹೆಸರುಗಳು ಮಾತ್ರ ಭಾನುವಾರಕ್ಕೊಮ್ಮೆ ಅಚ್ಚಾಗುತ್ತವೆ.

ಆ ಮಹಲಿನ ಒಂದು ಭಾಗ ಈಗ ಸಮುದ್ರದ ಅಡಿ ಇದೆ. ಅದಕ್ಕೂ ಯಾರ ಶಾಪವೂ ಬೇಕಿರಲಿಲ್ಲ. ಕಾಂಪಿ ಫ್ಲೆಗ್ರೆಯಿ ಎಂಬ ಜ್ವಾಲಾಮುಖಿ ಪ್ರದೇಶದಲ್ಲಿ ನೆಲ ನಿಧಾನವಾಗಿ ಇಳಿಯುತ್ತದೆ, ಏರುತ್ತದೆ. ಪಕ್ಕದ ಪೊಟ್ಸುವೊಲಿಯಲ್ಲಿ ರೋಮನ್ ಮಾರುಕಟ್ಟೆಯ ಕಂಬಗಳಲ್ಲಿ ಕಡಲ ಚಿಪ್ಪುಜೀವಿಗಳು ಕೊರೆದ ತೂತುಗಳಿವೆ. ಒಮ್ಮೆ ಅವು ಅಷ್ಟೆತ್ತರ ನೀರಲ್ಲಿದ್ದುದಕ್ಕೆ ಅದೇ ಸಾಕ್ಷಿ. 1982ರಿಂದ 84ರ ಒಳಗೆ ಅಲ್ಲಿನ ನೆಲ ಸುಮಾರು 1.8 ಮೀಟರ್ ಮೇಲೆದ್ದು ಸಾವಿರಾರು ಜನ ಮನೆ ಬಿಟ್ಟರು. ಗಾಯೋಲಾ ಸುತ್ತಲಿನ ಕಡಲು 2002ರಿಂದ ಸಂರಕ್ಷಿತ ಜಲೋದ್ಯಾನವಾಗಿದೆ. ಮುಳುಗಿದ ಗೋಡೆಗಳ ನಡುವೆ ಈಗ ಮೀನುಗಳು ಓಡಾಡುತ್ತವೆ.

ಈ ದ್ವೀಪದ ಬಗ್ಗೆ ಇನ್ನೊಮ್ಮೆ ಬರೆಸುವುದಾದರೆ ಆ ಹುಡುಗನಿಂದ, ಆ ಇಳಿದ ನೆಲದಿಂದ ಶುರು ಮಾಡಿಸಿ. ನಿಮ್ಮ ಪುರವಣಿಯನ್ನು ನಮ್ಮೂರಿನ ಮನೆಮನೆಯಲ್ಲೂ ಓದುತ್ತಾರೆ, ‘ಆಗಿಬರದ’ ಮನೆಗಳಲ್ಲೂ.

ಇಂತಿ,
ನಿವೃತ್ತ ಶಿಕ್ಷಕಿ, ಸಾಗರ